ಮಡಿಲಲ್ಲಿ ಆರದ ಕಲ್ಲು

ಇದು ಬಾವಿ ಕೊರೆಯುವ ಮೇಸ್ತ್ರಿಯ ಬಾಯಿಂದಲೇ ಕೇಳಿದ್ದು, ಒಂದಕ್ಷರವನ್ನೂ ಕೂಡಿಸಿಲ್ಲ.

ನಾಲ್ಕು ಕಿಲೋಮೀಟರ್ ಆಳದ ಕಾದ ಬಂಡೆಯನ್ನು ನೀರಿನ ಒತ್ತಡದಿಂದ ಬಿರಿಸಿ, ಆ ಬಿಸಿಯಿಂದ ಊರಿನ ಮನೆಗಳನ್ನು ಬೆಚ್ಚಗಿಡುವುದು ಅವನ ಕೆಲಸ. ಆಳದಿಂದ ಬಂದ ಒಂದು ಕಲ್ಲಿನ ತುಂಡನ್ನು ಅವನು ತಾಯಿಯ ಮಂಡಿನೋವಿಗೆ ಕಾವು ಕೊಡಲೆಂದು ಮನೆಗೆ ತಂದ. ಸಂಜೆಯೊಳಗೆ ಆರಬೇಕಾದ ಕಲ್ಲು ಮೂರು ತಿಂಗಳಾದರೂ ಮೈಬಿಸಿಯಷ್ಟು ಬೆಚ್ಚಗಿತ್ತು. ಬಾವಿಗೆ ನೀರು ನುಗ್ಗಿಸಿದ ದಿನಗಳಲ್ಲಿ ಅದು ತಾಯಿಯ ಮಡಿಲಲ್ಲಿ ಸಣ್ಣಗೆ ನಡುಗುತ್ತಿತ್ತು. ತಾಯಿ ತಟ್ಟಿದರೆ ಸುಮ್ಮನಾಗುತ್ತಿತ್ತು. ಅದೇ ನಿಮಿಷಕ್ಕೆ ಬಾವಿಯ ಕಂಪನಮಾಪಕದ ಮುಳ್ಳೂ ಇಳಿಯುತ್ತಿತ್ತು.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಪಂಪು ನಿಲ್ಲಿಸಿದರೂ ಕಂಪನ ಏರುತ್ತಲೇ ಹೋಯಿತು. ಮುಳ್ಳು ಭೂಕಂಪದ ಅಪಾಯ ತೋರಿಸುವ ಕೆಂಪು ಗೆರೆ ದಾಟಿದರೆ ಬಾವಿಗೆ ಶಾಶ್ವತವಾಗಿ ಸಿಮೆಂಟು ಸುರಿಯಬೇಕು, ಊರು ತಣ್ಣಗೆ ಕೂರಬೇಕು. ಮೇಸ್ತ್ರಿ ಮನೆಗೆ ಫೋನು ಮಾಡಿದ.

“ಅಮ್ಮಾ, ನಿನ್ನ ಕೂಸನ್ನ ಸ್ವಲ್ಪ ತಟ್ಟೇ!”

“ಮುದುಕಿಗೆ ಅರಳುಮರಳು ಅಂತ ನಗ್ತಿದ್ದೆಯಲ್ಲೋ, ಈಗ ಬೇಕಾಯ್ತಾ? ಇದು ಆಗಲೇ ಮಲಗಿದೆ ಕಣೋ. ಅಲ್ಲಾಡ್ತಿರೋದು ಇದಲ್ಲ, ಇದನ್ನ ಹುಡುಕ್ತಿರೋ ಕೆಳಗಿನೋರು.”

ಕಲ್ಲನ್ನು ತನ್ನ ಶಾಲಿನಲ್ಲಿ ಸುತ್ತಿ ತಾಯಿಯೇ ತಂದಳು. “ಮೆಲ್ಲಗೆ ಬಿಡೋ,” ಎಂದಳು. ಅವನು ಶಾಲಿನ ಸಮೇತ ಬಾವಿಗೆ ಇಳಿಬಿಟ್ಟ. ತೂಗುವ ತೊಟ್ಟಿಲು ನಿಲ್ಲುವ ಹಾಗೆ, ಮುಳ್ಳು ನಿಧಾನವಾಗಿ ನಿಂತಿತು.

ಊರು ಈಗ ಬೆಚ್ಚಗಿದೆ. ಮಾಪಕದ ಹಾಳೆಯಲ್ಲಿ ಮಾತ್ರ ದಿನವೂ ಮಧ್ಯಾಹ್ನ, ಬಾವಿಯ ತಳದಿಂದ, ಮಗುವನ್ನು ತಟ್ಟುವ ಲಯದಲ್ಲಿ ಮೆತ್ತನೆಯ ಏಟುಗಳು ಮೂಡುತ್ತವೆ. ‘ಕಾರಣ’ ಎಂಬ ಅಂಕಣದಲ್ಲಿ ಮೇಸ್ತ್ರಿ ಇದುವರೆಗೆ ಏನನ್ನೂ ಬರೆದಿಲ್ಲ.