ಒಂದು ಸಲವೂ ತಿರುಗದ ಮಿಕ್ಸರ್

ಹಾವೇರಿಯ ಆ ಅಂಗಡಿಯ ಮೆಟ್ಟಿಲು ಇಳಿಯುವಾಗ ತಿರಕಪ್ಪನ ಮೈಯೆಲ್ಲ ಉರಿಯುತ್ತಿತ್ತು. ಸತ್ತ ಮಿಕ್ಸರಿನ ಡಬ್ಬಿ ಅವನ ಬಗಲಲ್ಲೇ ಇತ್ತು. ಅಂಗಡಿಯವನೇನು ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಅವನು ನಗುನಗುತ್ತ ಹೇಳಿದ್ದ.

'ಹತ್ತ ದಿನದಾಗ ತಂದಿದ್ರ ಕಣ್ಣ ಮುಚ್ಚಿ ಬದಲಿ ಕೊಡ್ತಿದ್ವಿರೀ ಯಜಮಾನ್ರ. ಎರಡ ವರ್ಷದಾಗ ತಂದಿದ್ರ ಪುಕ್ಕಟೆ ರಿಪೇರಿ ಮಾಡಸ್ತಿದ್ವಿ. ಈಗ ಎರಡೂ ಮುಗದಾವ. ಮೋಟಾರ ಹೊಸಾದು ಹಾಕಸಾಕ ಹೋದ್ರ ಮಿಕ್ಸರ ಹೊಸಾದು ತಗೊಂಡಂಗ ಆಕ್ಕೈತಿ.'

'ಒಂದ ಸಲಾನೂ ತಿರುಗಿಲ್ಲೋ ತಮ್ಮಾ ಇದು! ನೀವು ಕೊಟ್ಟಾಗನ ಸತ್ತಿತ್ತು.'

'ಹಂಗಿದ್ರ ಅವಾಗ ಯಾಕ ತರಲಿಲ್ರೀ?'

ಯಾಕ ತರಲಿಲ್ಲ. ತರಬೇಕಾದವಳು ಮಣ್ಣು ಸೇರಿ ವರ್ಷವಾಗುತ್ತ ಬಂದಿತ್ತು. ಅವಳನ್ನು ಕೇಳುವುದು ಹೇಗೆ?

ತಿರಕಪ್ಪ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಒಬ್ಬ ದಲಾಲರ ಅಂಗಡಿಯ ತೂಕದವನು. ಕೂದಲು ಬೆಳ್ಳಗಾಗುವ ತನಕ ಚೀಲ ತೂಗಿದವನು, ಒಬ್ಬ ರೈತನಿಗೂ ಒಂದು ಹಿಡಿ ಕಡಿಮೆ ತೂಗಿದವನಲ್ಲ. ಮನುಷ್ಯ ಚೊಕ್ಕ, ನಾಲಗೆ ಮಾತ್ರ ಬಲು ಖಾರ. ಮನೆಯಲ್ಲಿ ಒಂದು ಬಲ್ಬು ಹೋದರೂ 'ಯಾರ ಸುಟ್ಟವ್ರು?' ಎಂದು ಕೇಳಿ, ಉತ್ತರ ಸಿಗುವ ತನಕ ಊಟಕ್ಕೆ ಕೂಡದ ಆಸಾಮಿ. ಬಲ್ಬು ತಾನಾಗಿಯೇ ಹೋಗುತ್ತದೆ ಎಂಬುದನ್ನು ಅವನು ಈ ಜನ್ಮದಲ್ಲಿ ಒಪ್ಪಿರಲಿಲ್ಲ. ಹೆಂಡತಿ ಮುದುಕವ್ವ ಆ ನಾಲಗೆಯೊಡನೆ ಬಾಳುವೆ ಮಾಡಿದಳು, ಎದುರು ಮಾತಾಡದೆ, ಕಲ್ಲಿನ ಒಳ್ಳಿನಲ್ಲಿ ಖಾರ, ಚಟ್ನಿ ಕುಟ್ಟುತ್ತ.

ಮಿಕ್ಸರ್ ಕೊಡಿಸಿದ್ದು ಮಗಳು ಸುಧಾರಾಣಿ. ಹೊಸರಿತ್ತಿಯಲ್ಲಿ ಮಾಸ್ತರಿಣಿಯಾಗಿ ಮೊದಲ ಪಗಾರ ಕೈಗೆ ಬಂದ ದಿನವೇ ಹಾವೇರಿಗೆ ಹೋಗಿ ಕೊಂಡು ತಂದಿದ್ದಳು. 'ಅವ್ವಾ, ಇನ್ನ ಕುಟ್ಟೂದು ಸಾಕು' ಎಂದು ತಾಯಿಯ ತೊಡೆಯ ಮೇಲೆ ಡಬ್ಬಿ ಇಟ್ಟಿದ್ದಳು. ಆಮೇಲೆ ಫೋನು ಮಾಡಿದಾಗಲೆಲ್ಲ ಅದನ್ನೇ ವಿಚಾರಿಸುತ್ತಿದ್ದಳು. ಮುದುಕವ್ವನ ಉತ್ತರವೂ ಒಂದೇ: 'ಬಾಳ ಚಲೋ ನಡದೈತಿ ನನ್ನವ್ವಾ. ನನ್ನ ರಟ್ಟಿಗೆ ಆರಾಮ ಆತು.' ಪಡಸಾಲೆಯಲ್ಲಿ ಚಾ ಕುಡಿಯುತ್ತ ತಿರಕಪ್ಪ ಇದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದ. ಕಳೆದ ವರ್ಷ ಒಂದು ಬೆಳಿಗ್ಗೆ ಮಲಗಿದಾಕೆ ಏಳಲಿಲ್ಲ.

ಈಗ ಪುಣ್ಯತಿಥಿ ಹತ್ತಿರ ಬಂದಿತ್ತು. ಮಗಳು ಫೋನು ಮಾಡಿದ್ದಳು. 'ಅಪ್ಪಾ, ನಾ ಒಂದ ದಿನ ಮೊದ್ಲ ಬರ್ತೀನಿ. ಅವ್ವನ ಮಿಕ್ಸರಿನಾಗ, ಅಕಿ ಮಾಡ್ತಿದ್ದಂಗ, ನಾನ ಶೇಂಗಾ ಚಟ್ನಿ ಮಾಡಿ ಎಡಿ ಹಿಡೀತೀನಿ.' ಹೇಳುತ್ತಲೇ ಅತ್ತಿದ್ದಳು. ತಿರಕಪ್ಪ ಆ ದಿನವೇ ಅಟ್ಟದ ಮೇಲಿಂದ ಡಬ್ಬಿ ಇಳಿಸಿದ. ಮೇಲೆ ಟೇಪು ಹಚ್ಚಿತ್ತು. ಒಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಮಿಕ್ಸರ್ ಅಂಗಡಿಯಲ್ಲಿ ಕೂತಿದ್ದ ಹಾಗೇ ಕೂತಿತ್ತು, ಬೆಳ್ಳಗೆ, ಒಂದು ಕಲೆ ಇಲ್ಲದೆ. ಪ್ಲಗ್ ಹಾಕಿ ಗುಂಡಿ ತಿರುಗಿಸಿದ. ಸಪ್ಪಳಿಲ್ಲ. ಇನ್ನೊಂದು ಪ್ಲಗ್ಗಿಗೆ ಹಾಕಿದ. ಊಹೂಂ.

ಅಡುಗೆಮನೆಯ ನೆಲದ ಮೇಲೆ ಕೂತಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತು. ಇದು ಮೊದಲ ದಿನದಿಂದಲೇ ಸತ್ತದ್ದು. ಮಗಳ ಮೊದಲ ಪಗಾರದ ಸಾಮಾನು ಕೆಟ್ಟಿದೆ ಎಂದರೆ ಮಗಳ ಮನಸ್ಸು ನೋಯುತ್ತದೆ ಎಂದು ಆ ಹುಚ್ಚಿ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಸುಳ್ಳು ಹೇಳಿದಳು, ಕುಟ್ಟುತ್ತ ಉಳಿದಳು. ಒಳಗಿನಿಂದ ಒಳ್ಳಿನ ಧಬಧಬ ಸಪ್ಪಳ ಬರುತ್ತಿದ್ದಾಗ, ಮಿಕ್ಸರ್ ಇರುವಾಗ ಯಾಕ ಕುಟ್ಟಾಕತ್ತಿ ಎಂದು ಒಂದು ದಿನ, ಒಂದೇ ಒಂದು ದಿನ ಎದ್ದು ಹೋಗಿ ಕೇಳಿದ್ದರೆ! ಕೇಳಲಿಲ್ಲ. ಚಾ ಕುಡಿದು ಯಾರ್ಡಿಗೆ ಹೋದ. ಆ ದುಃಖಕ್ಕೆ ಅವನಲ್ಲಿ ಜಾಗವಿರಲಿಲ್ಲ. ಹಾಗಾಗಿ ಅದು ಸಿಟ್ಟಾಯಿತು, ಸಿಟ್ಟು ಅಂಗಡಿಯವರ ಮೇಲೆ ಹೋಯಿತು.

ಹೊಸದೊಂದು ಕೊಂಡು ತಂದು ಸುಮ್ಮನಾಗಬಹುದಿತ್ತು. ಮಗಳಿಗೆ ತಿಳಿಯುತ್ತಲೂ ಇರಲಿಲ್ಲ, ಕೈಯಲ್ಲಿ ಅಷ್ಟು ರೊಕ್ಕವೂ ಇತ್ತು. ಆದರೆ ಹಾವೇರಿಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ, ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಅದು ಸರಿ ಬರಲಿಲ್ಲ. ಸತ್ತದ್ದನ್ನು ಮಾರಿದವರು ಅವರು, ಎರಡೆರಡು ಸಲ ದುಡ್ಡು ಕೊಡುವವನು ನಾನ್ಯಾಕೆ? ಮುದುಕವ್ವನ ರಟ್ಟೆಗೆ ಲೆಕ್ಕ ಯಾರು ಕೊಡುತ್ತಾರೆ? ಬಸ್ಸು ಬ್ಯಾಡಗಿ ಮುಟ್ಟುವುದರೊಳಗೆ ಉಪಾಯ ಹೊಳೆದಿತ್ತು. ಹೊಳೆದ ಮೇಲೆ, ಖರೇ ಹೇಳಬೇಕೆಂದರೆ, ಅವನಿಗೆ ತನ್ನ ಮೇಲೆ ಸ್ವಲ್ಪ ಅಭಿಮಾನವೇ ಆಯಿತು.

ಅದೇ ಕಂಪನಿಯ ಅದೇ ಮಿಕ್ಸರ್ ರಾಣೆಬೆನ್ನೂರಿನಲ್ಲೂ ಸಿಗುತ್ತದೆ. ಅಲ್ಲಿ ಅವನ ಗುರುತು ಯಾರಿಗೂ ಇಲ್ಲ. ಹೊಸದನ್ನು ಕೊಳ್ಳುವುದು, ಮನೆಗೆ ತಂದು ಹೊಸ ಡಬ್ಬಿಯಲ್ಲಿ ಹಳೆಯದನ್ನು ಕೂಡಿಸುವುದು, ಕೆಟ್ಟಿದೆ ಎಂದು ಹತ್ತು ದಿನದೊಳಗೆ ಮರಳಿಸಿ ರೊಕ್ಕ ತರುವುದು. ಮಗಳಿಗೆ ಓಡುವ ಮಿಕ್ಸರ್, ಕಂಪನಿಗೆ ಅದರ ಹೆಣ. ಮಾಲು ಯಾರದೋ ಅವರಿಗೇ ಮುಟ್ಟುತ್ತದೆ. ಕಳವು ಎನ್ನುವುದು ಹೇಗೆ?

ರಾಣೆಬೆನ್ನೂರಿಗೆ ಹೊರಡುವ ದಿನ ಯಾರ್ಡಿನ ಅಂಗಿ ಮುಟ್ಟಲಿಲ್ಲ. ಟ್ರಂಕಿನಲ್ಲಿದ್ದ ಮದುವೆ-ಮುಂಜಿಯ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಹೊಲಮನೆಯ ಹಿರಿಯನ ಹಾಗೆ ಕಾಣುವಂತೆ ಹೋದ. ಸ್ಟೇಶನ್ ರಸ್ತೆಯ ಆ ಅಂಗಡಿಯ ಮಾಲಕ ಮುಸ್ತಾಕ್, ನಡುವಯಸ್ಸಿನ ಸಮಾಧಾನದ ಮನುಷ್ಯ.

'ಬರ್ರಿ ಕಾಕಾ, ಕುಂದ್ರಿ. ಚಾಲೂ ಮಾಡಿ ತೋರಸ್ಲೇನ್ರಿ?' ಎಂದು ಡಬ್ಬಿ ಒಡೆಯಲು ಹೋದ.

ಈ ಪ್ರಶ್ನೆಗೆ ತಿರಕಪ್ಪ ಮೊದಲೇ ತಯಾರಾಗಿದ್ದ. ಅಂಗಡಿಯಲ್ಲೇ ಓಡಿಸಿ ನೋಡಿದರೆ ಎಲ್ಲ ಕೆಟ್ಟಿತು. 'ಬ್ಯಾಡ್ರಿ, ಬ್ಯಾಡ್ರಿ. ತಂಗಿ ಮಗಳ ಮದುವಿಗೆ ಆಯೇರ ಕೊಡೂದೈತಿ. ಒಡದ ಡಬ್ಬಿ ಕೊಟ್ರ ಮಂದಿ ಏನಂದಾರು?'

'ಅದೂ ಖರೇ ಬಿಡ್ರಿ. ಯಾವೂರ್ರಿ ತಮ್ದು?'

'ಗಳಗನಾಥ. ಒಕ್ಕಲತನ.'

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಗಳಿಗೆ ಹೊಳೆದಂಡೆಯ ತನ್ನ ಹೊಲವೇ ಅವನ ಕಣ್ಣಿಗೆ ಕಟ್ಟಿತು.

ಯಾರ್ಡಿಗೆ ರಜೆ ಇದ್ದ ದಿನ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಡಬ್ಬಿಯ ಮೇಲಿನ ನಂಬರೂ ಮಿಕ್ಸರಿನ ತಳದ ಚೀಟಿಯ ನಂಬರೂ ಒಂದೇ ಇರುತ್ತದೆ. ಅಂಗಡಿಯವರು ಮೊದಲು ನೋಡುವುದೇ ಅದನ್ನು. ದಡ್ಡನಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದ. ತಿರಕಪ್ಪ ತಂಬಿಗೆಯಲ್ಲಿ ಕುದಿಯುವ ನೀರು ಹಾಕಿ, ಅದರ ತಳವನ್ನು ಚೀಟಿಗೆ ಒತ್ತಿ ಹಿಡಿದ. ಅಂಟು ಮೆತ್ತಗಾದ ಮೇಲೆ ಬ್ಲೇಡಿನ ತುದಿಯಿಂದ, ಗಾಯದ ಮೇಲಿನ ಪಟ್ಟಿ ಬಿಡಿಸುವ ಹಾಗೆ, ಮೆಲ್ಲಗೆ ಬಿಡಿಸಿದ. ಹಳೆಯದರದ್ದು ಹೊಸದಕ್ಕೆ, ಹೊಸದರದ್ದು ಹಳೆಯದಕ್ಕೆ. ಮೂಲೆ ಸಹ ಏಳದ ಹಾಗೆ ಕೂಡಿಸಿದ. ಜಾರುಗಳನ್ನು ಮಾತ್ರ ಹೊಸವನ್ನೇ ಡಬ್ಬಿಗೆ ಇಟ್ಟ. ಹಳೆಯ ಯಂತ್ರವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಲ್ಲಿನ ಬ್ರಶ್ಶಿನಿಂದ ಸಂದುಗೊಂದುಗಳ ಧೂಳನ್ನೆಲ್ಲ ತೆಗೆದ, ಒದ್ದೆ ಅರಿವೆಯಿಂದ ಒರೆಸಿದ, ಒಣ ಅರಿವೆಯಿಂದ ಮತ್ತೆ ಒರೆಸಿದ.

ಆಮೇಲೆ ಹೊಸದನ್ನು ಹಳೆಯದು ಮಾಡುವ ಕೆಲಸ. ಮಗಳು ನೋಡಿದರೆ, ಅವ್ವ ಇದರಲ್ಲಿ ದಿನಾಲೂ ಕೆಲಸ ಮಾಡಿದ್ದಾಳೆ ಅನ್ನಿಸಬೇಕಲ್ಲ. ಒಂದು ಹಿಡಿ ಶೇಂಗಾ ಹಾಕಿ ಗುಂಡಿ ತಿರುಗಿಸಿದ. ಮಿಕ್ಸರ್ ಗರ್ ಎಂದು ಅಬ್ಬರಿಸಿತು. ಈ ಸಪ್ಪಳವನ್ನು ಮುದುಕವ್ವ ಈ ಮನೆಯಲ್ಲಿ ಒಂದು ಸಲವೂ ಕೇಳಲಿಲ್ಲವಲ್ಲ ಎಂದುಕೊಂಡ. ಆರಿಸಿ, ಗೋಡೆಗೆ ಒರಗಿ ಕೂತ.

ಎದ್ದು ಅರಿಷಿಣ-ಎಣ್ಣೆ ಕಲೆಸಿ ಬೆರಳಿಗೆ ಹಚ್ಚಿಕೊಂಡ. ಮುಚ್ಚಳದ ಬಲಕ್ಕೆ ಕಲೆ ಮಾಡಲು ಹೋದವನು ಅಲ್ಲಿಗೇ ನಿಂತ. ಮುದುಕವ್ವ ಎಡಚಿ. ತುತ್ತು ಬಿಟ್ಟರೆ ಉಳಿದದ್ದೆಲ್ಲ ಎಡಗೈಯಲ್ಲೇ. ಎಡಗೈಯಿಂದ ಮುಚ್ಚಳ ಒತ್ತಿ ಹಿಡಿದರೆ ಹೆಬ್ಬೆರಳು ಎಲ್ಲಿ ಬರುತ್ತಿತ್ತು? ತನ್ನ ಎಡಗೈಯನ್ನು ಅಲ್ಲಿಟ್ಟು, ಇಲ್ಲಿಟ್ಟು, ಅವಳ ಕೈ ಸಣ್ಣದು ಎಂದು ಇನ್ನಷ್ಟು ಒಳಗೆ ಸರಿಸಿ ನೋಡಿದ. ಕೊನೆಗೆ ಒಂದು ಕಡೆ ಹೆಬ್ಬೆರಳು ಊರಿದ. ಹಳದಿ ಗುರುತು ಮೂಡಿತು. ಆ ಗುರುತನ್ನು ನೋಡುತ್ತ ನೋಡುತ್ತ ಅಪರಾಧಿಗೆ ಅಳು ಬಂತು. ಇಷ್ಟು ವರ್ಷ ಜೊತೆಗೆ ಬಾಳಿ, ಅವಳ ಕೈಯ ಬಗ್ಗೆ ಇಷ್ಟು ಹೊತ್ತು ಅವನು ಎಂದೂ ಯೋಚಿಸಿರಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಧೋತರ, ಮತ್ತೆ ಟೊಪ್ಪಿಗೆ, ಮತ್ತೆ ರಾಣೆಬೆನ್ನೂರು. ಅಂಗಡಿಯಲ್ಲಿ ಗಂಡಹೆಂಡತಿ ಇಬ್ಬರು ಫ್ಯಾನು ನೋಡುತ್ತಿದ್ದರು. ತಿರಕಪ್ಪ ಮುಖ ಸಣ್ಣದು ಮಾಡಿಕೊಂಡು ಡಬ್ಬಿಯನ್ನು ಕೌಂಟರಿನ ಮೇಲಿಟ್ಟ.

'ಏನ್ ಹೇಳ್ಲೆಪಾ ಸಾವಕಾರ, ಬೀಗರ ಮುಂದ ಮಾನ ಹೋತು. ಹಂದರದಾಗ ಎಲ್ಲಾರೂ ಕುಂತಾಗನ ಚಾಲೂ ಮಾಡ್ಯಾರ. ಮಿಸಕಾಡ್ಲಿಲ್ಲ. ಒಂದ ಸಲಾನೂ ತಿರುಗಿಲ್ಲ ನೋಡಪಾ ಇದು.'

'ಛೇ ಛೇ, ಆಯೇರದ ಸಾಮಾನು ಹಿಂಗಾಗಬಾರದ್ರಿ' ಎಂದು ಮುಸ್ತಾಕ್ ನಿಜವಾಗಿಯೂ ನೊಂದುಕೊಂಡ. ಡಬ್ಬಿಯ ನಂಬರು ನೋಡಿದ, ತಳದ ನಂಬರು ನೋಡಿದ, ಜಾರುಗಳನ್ನು ಎತ್ತಿ ನೋಡಿದ. ಎಲ್ಲ ಸರಿ. 'ಬೇರೆ ಕೊಡ್ಲೇನ್ರಿ?'

'ಬ್ಯಾಡ. ಅವರಿಗೆ ಬ್ಯಾರೆ ಊರಾಗ ಬ್ಯಾರೆ ತಗೊಂಡ ಕೊಟ್ಟೇನಿ. ರೊಕ್ಕ ಕೊಟ್ಟಬಿಡು.'

ಮುಸ್ತಾಕ್ ಎರಡನೆಯ ಮಾತಾಡದೆ ಗಲ್ಲೆಯಿಂದ ನೋಟು ತೆಗೆದು ಎಣಿಸಿ ಕೌಂಟರಿನ ಮೇಲಿಟ್ಟ. ಚಾ ತರಿಸಿದ. ಇಂಥ ಒಳ್ಳೆಯ ಮನುಷ್ಯನನ್ನೇ ಆರಿಸಿದೆನಲ್ಲ ಎಂದು ತಿರಕಪ್ಪನಿಗೆ ಒಂದು ಗಳಿಗೆ ಮನಸ್ಸು ಚುಚ್ಚಿತು. ಇವನದ್ದೇನು ಹೋಗುತ್ತದೆ, ಕಂಪನಿಯವರು ಭರಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡು ನೋಟಿನತ್ತ ಕೈ ಚಾಚಿದ.

'ಚಾ ಕುಡೀರಿ ಕಾಕಾ. ಏನ ಆಗೇತಿ ಅಂತ ಕಂಪನಿಗೆ ತಿಳಸಬೇಕು. ಒಂದೀಟು ಬಿಚ್ಚಿ ನೋಡ್ತೀನಿ' ಎಂದ ಮುಸ್ತಾಕ್. ಮಿಕ್ಸರನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ತಳದ ಮುಚ್ಚಳ ತೆಗೆದ. ಧೂಳು ಊದುವ ಬ್ಲೋವರನ್ನು ಮೋಟಾರಿನ ಹೊಟ್ಟೆಗೆ ಹಿಡಿದು ಗುಂಡಿ ಒತ್ತಿದ.

ಭುಸ್ಸೆಂದು ಕೆಂಪು ಧೂಳು ಎದ್ದಿತು. ಫ್ಯಾನು ನೋಡುತ್ತಿದ್ದಾಕೆ ಒಂದೇ ಸಮ ಸೀನತೊಡಗಿದಳು. ಗಂಡ ಕೆಮ್ಮುತ್ತ ಅವಳನ್ನು ಹೊರಗೆ ಎಳೆದುಕೊಂಡು ಹೋದ. ಮುಸ್ತಾಕನ ಬಿಳಿ ಅಂಗಿಯ ತೋಳು ಕೆಂಪಾಗಿ, ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯಿತು. 'ಯಾ ಅಲ್ಲಾ! ಖಾರಪುಡಿ ಮಾಡ್ಯಾರ್ರೀ ಇದರಾಗ! ಕಿಲೋಗಟ್ಲೆ ಒಣಮೆಣಸಿನಕಾಯಿ ಹಾಕಿ, ಬಿಡದಂಗ ತಿರುಗಿಸಿ ತಿರುಗಿಸಿ ಮೋಟಾರ ಸುಟ್ಟಾರ. ಒಂದ ಸಲಾನೂ ತಿರುಗಿಲ್ಲ ಅಂತೀರಿ!' ಕೆಮ್ಮುತ್ತಲೇ ತಲೆ ಎತ್ತಿ ನೋಡಿದವನು ಹಾಗೇ ನೋಡುತ್ತ ನಿಂತ. 'ಕಾಕಾ, ನಿಮಗ ಘಾಟು ಹತ್ತವಲ್ದಲ್ಲ. ನೀವು ಗಳಗನಾಥದವರಲ್ಲ.'

ಹೌದು, ತಿರಕಪ್ಪನಿಗೆ ಘಾಟು ಹತ್ತಿರಲಿಲ್ಲ. ಜೀವಮಾನವೆಲ್ಲ ಯಾರ್ಡಿನ ಗಾಳಿ ಕುಡಿದ ಮೂಗಿಗೆ ಮೆಣಸಿನಕಾಯಿ ಎಂದರೆ ಬರೀ ಗಾಳಿ. ಆ ಯಂತ್ರವನ್ನು ತೊಡೆಯ ಮೇಲೆ ಮಲಗಿಸಿಕೊಂಡು ದಿನವಿಡೀ ತಿಕ್ಕಿದರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಅವನಿಗೆ ತಿಳಿಯಲಿಲ್ಲ. ಈಗ ಕೌಂಟರಿನ ಮೇಲೆ ಬಿದ್ದ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಸಣ್ಣಗೆ, ಹತ್ತಿಯ ಹಾಗಿತ್ತು. ಹಾಗಾದರೆ ಮುದುಕವ್ವ ಇದನ್ನು ತಿರುಗಿಸಿದ್ದಳು. ಮಗಳು ಕೊಟ್ಟದ್ದು ಎಂದು ಹಿಗ್ಗಿ, ವರ್ಷದ ಖಾರವನ್ನೆಲ್ಲ ಒಂದೇ ದಿನ ಮಾಡಲು ಹೋಗಿ ಸುಟ್ಟಿದ್ದಳು. ಹತ್ತು ದಿನವಿತ್ತು, ಎರಡು ವರ್ಷವಿತ್ತು, ಹೇಳಿದ್ದರೆ ಹಾವೇರಿಯವರು ಸರಿ ಮಾಡಿ ಕೊಡುತ್ತಿದ್ದರು, ಮಗಳಂತೂ ನಕ್ಕು ಸುಮ್ಮನಾಗುತ್ತಿದ್ದಳು. ಆ ಮನೆಯಲ್ಲಿ 'ಯಾರ ಸುಟ್ಟವ್ರು?' ಎಂದು ಕೇಳುವವನು ಒಬ್ಬನೇ ಇದ್ದ. ಅವನಿಗೆ ಹೆದರಿ ಒರೆಸಿ, ತಿಕ್ಕಿ, ಪ್ಲಾಸ್ಟಿಕ್ ಸುತ್ತಿ, ಟೇಪು ಹಚ್ಚಿ ಅಟ್ಟಕ್ಕೆ ಏರಿಸಿ, ಸಾಯುವ ತನಕ ಕುಟ್ಟಿದಳು. ಪೊಲೀಸರನ್ನು ಕರೀಲೇನ್ರಿ ಎಂದು ಮುಸ್ತಾಕ್ ಕೇಳುತ್ತಿದ್ದ, ನೋಟುಗಳನ್ನು ಗಲ್ಲೆಗೆ ಹಾಕುತ್ತಿದ್ದ. ಉಳಿದ ಧೂಳನ್ನು ಹೊರಗೆ ಹಾಕಲು ಅವನು ಬ್ಲೋವರನ್ನು ಮತ್ತೆ ಎತ್ತಿದಾಗ ತಿರಕಪ್ಪ ಎದ್ದು, ಅದರ ಬಾಯಿಗೆ ಎರಡೂ ಕೈ ಅಡ್ಡ ಹಿಡಿದ. 'ಊದಬ್ಯಾಡ್ರಿ' ಎಂದ. 'ಅದು ನಮ್ಮ ಮನಿಯಾಕಿ ಮಾಡಿದ ಖಾರ ಐತ್ರಿ.'