ಕರಡಿಯ ಮುಂದೆ ಈಟಿ ಇಳಿಸಿದ ಬ್ಯಾರನೆಟ್

ಬಹಳ ಹಿಂದೆ, ಕಡಲಾಚೆಯ ಇಂಗ್ಲೆಂಡಿನ ಕಾಡುಗಳಲ್ಲಿ ಇನ್ನೂ ಮಾಯಾವಿಗಳು ವಾಸವಾಗಿದ್ದ ಕಾಲದಲ್ಲಿ, ವೆನ್‌ಕೂಂಬ್ ಎಂಬ ಸೀಮೆಯಲ್ಲಿ ಸರ್ ಆಸ್ಬರ್ಟ್ ಎಂಬ ಬ್ಯಾರನೆಟ್ ಇದ್ದ. ಬ್ಯಾರನೆಟ್ ಎಂದರೆ ರಾಜ ಕೊಡುವ ಪದವಿ, ತಂದೆಯ ನಂತರ ಮಗನಿಗೆ ಬರುವಂಥದ್ದು. ಆಸ್ಬರ್ಟ್ ಮೊದಲು ಸೀಮೆಯ ನ್ಯಾಯಾಧೀಶನಾದ, ಆಮೇಲೆ ರಾಜನ ಮಂತ್ರಾಲೋಚನಾ ಸಭೆಯಲ್ಲಿ ಕೂತ. ಹೆಂಡತಿ ಮಾರ್ಜರಿ ಊರಿಗೆಲ್ಲ ಬೇಕಾದವಳು. ಮಗ ಗಿಲ್ಬರ್ಟ್‌ಗೆ ತಂದೆಯೆಂದರೆ ದೇವರು.

ಪದವಿ ಬಂದದ್ದು ಹೀಗೆ. ಇಪ್ಪತ್ತು ವರ್ಷದ ಹಿಂದೆ ಆಸ್ಬರ್ಟ್ ಮತ್ತು ಅವನ ತಮ್ಮ ಎಡ್ವಿನ್ ಇಬ್ಬರೂ ಮೊರ್ಡಾಕ್ ಎಂಬ ಮಾಯಾವಿಯನ್ನು ಎದುರಿಸಲು ಹೋಗಿದ್ದರು. ಆಸ್ಬರ್ಟ್ ಒಬ್ಬನೇ ಮರಳಿದ. "ಮಾಯಾವಿಯನ್ನು ನಾನು ಓಡಿಸಿದೆ. ತಮ್ಮ ಹೆದರಿ ತಲೆಮರೆಸಿಕೊಂಡ," ಎಂದು ರಾಜನಿಗೆ ಹೇಳಿದ. ಅಂದಿನಿಂದ ಎಡ್ವಿನ್‌ನ ಹೆಂಡತಿ ಹೆಸ್ಟರ್‌ಗೆ 'ಹೇಡಿಯ ಹೆಂಡತಿ' ಎಂದೇ ಹೆಸರಾಯಿತು.

ಒಂದು ವಸಂತದಲ್ಲಿ ಬೆಟ್ಟದ ಮೇಲೆ ದೊಡ್ಡ ಕರಡಿ ಕಾಣಿಸಿತು. "ಅದನ್ನು ಕೊಂದು ಬಾ," ಎಂದು ರಾಜ ಆಸ್ಬರ್ಟ್‌ಗೇ ಅಪ್ಪಣೆ ಕೊಟ್ಟ. ಅವನು ಬೆಟ್ಟ ಹತ್ತಿ ಈಟಿ ಎತ್ತಿದ. ಕರಡಿ ಓಡಲಿಲ್ಲ.

"ಅಣ್ಣಾ, ಇವತ್ತು ಓಡಿಹೋಗುವುದಿಲ್ಲವೇ?" ಎಂದಿತು.

ಎಡ್ವಿನ್‌ನ ದನಿ! ಆಸ್ಬರ್ಟ್ ಈಟಿ ಇಳಿಸಿದ. ಅಂದು ಓಡಿಹೋದವನು ತಾನೇ. ನಿಂತು ಕಾದಾಡಿದವನು ತಮ್ಮ.

"'ಲೋಕ ನಿನ್ನನ್ನು ಹೇಡಿ ಎನ್ನುತ್ತಿರುವಷ್ಟು ಕಾಲ ಕರಡಿಯಾಗಿರು' ಎಂದು ಮೊರ್ಡಾಕ್ ಶಪಿಸಿದ," ಎಂದಿತು ಕರಡಿ. "ನಿನ್ನ ಮನೆಯಲ್ಲಿ, ನನ್ನ ಹೆಂಡತಿಯ ಬಾಗಿಲಲ್ಲಿ, ರಾಜನ ಸಭೆಯಲ್ಲಿ, ಮೂರು ಕಡೆ ನಿಜ ಹೇಳು. ಇಲ್ಲವಾದರೆ ಆ ಈಟಿಯಿಂದ ತಿವಿದುಬಿಡು. ನನಗೂ ಸಾಕಾಗಿದೆ."

ಆಸ್ಬರ್ಟ್ ಮನೆಗೆ ಬಂದು ನಿಜ ಹೇಳಿದ. ಮಾರ್ಜರಿ ಕುರ್ಚಿಯಲ್ಲಿ ಕುಸಿದಳು. ಗಿಲ್ಬರ್ಟ್, "ಅಪ್ಪಾ, ನಿಮ್ಮ ಹಾಗಾಗಬೇಕು ಅಂತ ನಾನು ದಿನಾ ಪ್ರಾರ್ಥನೆ ಮಾಡುತ್ತಿದ್ದೆ," ಎಂದು ಎದ್ದು ಹೋದ. ಬೆಟ್ಟದ ಮೇಲೆ ಕರಡಿಯ ಮುಂಗಾಲುಗಳು ಮನುಷ್ಯನ ಕೈಗಳಾದವು.

ಹೆಸ್ಟರಳ ಬಾಗಿಲಲ್ಲಿ ನಿಂತು ನಿಜ ಹೇಳಿದ. ಅವಳು ಕೊನೆಯವರೆಗೂ ಕೇಳಿ, ಕದ ಹಾಕಿಕೊಂಡಳು. ಕರಡಿಯ ಮೈಯ ಕೂದಲೆಲ್ಲ ಉದುರಿತು.

ರಾಜಸಭೆಯಲ್ಲಿ ಅವನು ಬಾಯಿ ತೆರೆಯುವಷ್ಟರಲ್ಲಿ, ಕರಿಹೊಗೆಯ ರೂಪದಲ್ಲಿ ಮೊರ್ಡಾಕ್ ಅವನ ಕಿವಿಯ ಬಳಿ ಸುಳಿದ.

"ಕರಡಿ ಸತ್ತಿತು ಎನ್ನು. ನಿನ್ನ ಮಗ ಮಂತ್ರಿಯಾಗುವ ಹಾಗೆ ಮಾಡುತ್ತೇನೆ."

ಸಭೆಯಲ್ಲಿದ್ದವರೆಲ್ಲ ಆಸ್ಬರ್ಟ್‌ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಮುಖ ಸುಡುತ್ತಿತ್ತು.

"ಮಹಾಪ್ರಭು, ಹೇಡಿ ನಾನು," ಎಂದ. "ತಮ್ಮನನ್ನು ಬಿಟ್ಟು ಓಡಿದೆ. ಸುಳ್ಳು ಹೇಳಿ ಈ ಪದವಿ ಪಡೆದೆ."

ಹೊಗೆ ಕಿರುಚಿತು. ಶಾಪ ಮುರಿದೊಡನೆ ಅದನ್ನು ಹಾಕಿದ್ದ ಮೊರ್ಡಾಕ್ ಒಂದು ಹಿಡಿ ಬೂದಿಯಾಗಿ ನೆಲಕ್ಕೆ ಬಿದ್ದ. ಅವನು ಶಪಿಸಿ ಮೃಗಗಳಾಗಿಸಿದ್ದವರೆಲ್ಲ ಮನುಷ್ಯರಾಗಿ ಕಾಡಿನಿಂದ ಹೊರಬಂದರು. ಅವರ ಮುಂದೆ ನಡೆದು ಎಡ್ವಿನ್ ರಾಜಸಭೆಗೆ ಬಂದ.

ರಾಜ ಪದವಿಯನ್ನು ಎಡ್ವಿನ್‌ಗೆ ಕೊಟ್ಟ. ಎಡ್ವಿನ್ ಅಣ್ಣನನ್ನು ತಬ್ಬಿಕೊಂಡ. ಅಣ್ಣ ತಲೆ ಎತ್ತಲಿಲ್ಲ.

ಗಂಡನ ಸುದ್ದಿ ಕೇಳಿ ಓಡಿಬಂದಿದ್ದ ಹೆಸ್ಟರ್ ಆಸ್ಬರ್ಟ್‌ನ ಹತ್ತಿರ ಹೋದಳು. "ಭಾವ, ಇಪ್ಪತ್ತು ವರ್ಷ ಊರಲ್ಲಿ ನಾನು ತಲೆತಗ್ಗಿಸಿ ನಡೆದಿದ್ದೇನೆ. ಇನ್ನು ಸ್ವಲ್ಪ ದಿನ ನೀವು ಹಾಗೆ ನಡೆಯಿರಿ. ಆಮೇಲೆ ನಮ್ಮ ಮನೆಗೆ ಊಟಕ್ಕೆ ಬನ್ನಿ."

ಆಸ್ಬರ್ಟ್ ಹಾಗೆಯೇ ನಡೆದ. ಚಳಿಗಾಲವೊಂದು ಕಳೆಯಿತು. ಒಂದು ಭಾನುವಾರ ಗಿಲ್ಬರ್ಟ್ ತಾನಾಗಿ ಬಂದು, "ಏಳಿ ಅಪ್ಪಾ, ಚಿಕ್ಕಮ್ಮ ಕಾಯುತ್ತಿದ್ದಾರೆ," ಎಂದು ಅವನ ಕೈ ಹಿಡಿದ. ಮಾರ್ಜರಿಯೂ ಹೊರಟಳು. ಅಂದು ಒಂದೇ ಮೇಜಿನ ಸುತ್ತ ಕೂತ ಎರಡೂ ಮನೆಯವರು, ಬದುಕಿರುವವರೆಗೂ ಬೇರೆಯಾಗದೆ ಸುಖವಾಗಿದ್ದರು.