ನಡಾವಳಿಗೆ ಬಾರದ ಮಾತು

ಮೂರನೆಯ ವಿಷಯದ ಕೆಳಗೆ ಗೆರೆ ಎಳೆದು, ಅದರಡಿ ನಾಲ್ಕು ಎಂದು ಬರೆದು, ಅವಳು ಪೆನ್ನಿನ ತುದಿಯನ್ನು ಕಾಗದದ ಮೇಲಿಟ್ಟು ಕಾಯುತ್ತಿದ್ದಳು.

ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು... ಅಷ್ಟನ್ನು ಬರೆದುಕೊಳ್ಳುವುದು ಅವಳ ಕೆಲಸ. ವಿಶ್ವವಿದ್ಯಾಲಯದ ಯೋಜನಾ ಸಮಿತಿಯ ಉದ್ದ ಮೇಜಿನ ತುದಿಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹದಿನಾರು ವರ್ಷದಿಂದ ಬರೆಯುತ್ತಿದ್ದಳು. ಆಡಳಿತ ಕಚೇರಿಯಲ್ಲಿ ಎಲ್ಲರಿಗೂ ಅವಳು 'ನಡಾವಳಿ ಮೇಡಂ'. ಸಭೆಯಲ್ಲಿ ಮಾತ್ರ ಅವಳತ್ತ ಯಾರೂ ನೋಡುತ್ತಿರಲಿಲ್ಲ. ಗೋಡೆ ಗಡಿಯಾರವನ್ನಾದರೂ ಆಗಾಗ ನೋಡುತ್ತಿದ್ದರು!

ಕುಲಸಚಿವರು ಕನ್ನಡಕ ಸರಿಮಾಡಿಕೊಂಡರು.

"ವಿಷಯ ನಾಲ್ಕು. ಸಂಜೆ ವಿಭಾಗವನ್ನ ಹೊಸ ಆವರಣಕ್ಕೆ ಕಳಿಸೋದು. ಅವರ ಎಂಟು ಕೋಣೆ ಪರೀಕ್ಷಾ ವಿಭಾಗಕ್ಕೆ ಬೇಕು. ಎಲ್ರಿಗೂ ಒಪ್ಪಿಗೆ ತಾನೆ?"

"ನನಗೆ ಒಪ್ಪಿಗೆ ಇಲ್ಲ."

ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಹೇಳಿದವನು ಸಂಜೆ ವಿಭಾಗದ ಹೊಸ ಮುಖ್ಯಸ್ಥ. ನಲವತ್ತರ ಆಚೀಚಿನ ವಯಸ್ಸು, ಮಡಿಸಿದ ತೋಳಿನ ಅಂಗಿ, ಬೆರಳ ತುದಿಯಲ್ಲಿ ಸೀಮೆಸುಣ್ಣ. ಈ ಸಮಿತಿಗೆ ಅವನು ಬಂದದ್ದು ಇದೇ ಮೊದಲು.

"ಹೊಸ ಆವರಣ ಊರಾಚೆ ಹನ್ನೊಂದು ಕಿಲೋಮೀಟರ್ ದೂರ ಇದೆ ಸರ್. ನಮ್ಮ ತರಗತಿ ಮುಗಿಯೋದು ಎಂಟೂವರೆಗೆ. ಅಲ್ಲಿಂದ ಕೊನೇ ಬಸ್ಸು ಎಂಟು ಹತ್ತಕ್ಕೇ ಹೊರಡುತ್ತೆ. ನೂರ ನಲವತ್ತೆರಡು ಜನರಲ್ಲಿ ತೊಂಬತ್ತು ಜನ ಹೆಣ್ಣುಮಕ್ಕಳು. ಹಗಲೆಲ್ಲ ಅಂಗಡೀಲಿ, ಆಸ್ಪತ್ರೇಲಿ ದುಡಿದು ಬರೋರು. ಅವರು ಮನೆಗೆ ಹೇಗೆ ಹೋಗ್ಬೇಕು?"

ಹನ್ನೆರಡು ನಿಮಿಷ ಮಾತಾಡಿದ. ಒಬ್ಬರು ಆಕಳಿಸಿದರು. ಇನ್ನೊಬ್ಬರು ಫೋನು ನೋಡಿದರು.

ಆಗ ಅವನು ಥಟ್ಟನೆ ಮೇಜಿನ ತುದಿಯತ್ತ ತಿರುಗಿದ. ನೇರವಾಗಿ ಅವಳತ್ತ!

"ಮೇಡಂ, ದಯವಿಟ್ಟು ಇದನ್ನ ಬರ್ಕೊಳ್ಳಿ. ಬಸ್ಸಿನ ಸಮಯದ ಸಮೇತ."

ಹದಿನಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳನ್ನು ಯಾರಾದರೂ ಮಾತಾಡಿಸಿದ್ದು ಇದೇ ಮೊದಲು...

"ಬರ್ಕೊಂಡೆ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಅವನು ನಕ್ಕ. ಕುಲಸಚಿವರು, "ಸರಿ ಸರಿ, ನೋಡೋಣ. ಮುಂದಿನ ವಿಷಯ," ಎಂದರು.

ಮಧ್ಯಾಹ್ನ ಕುಲಸಚಿವರು ಅವಳ ಮೇಜಿನ ಬಳಿ ಬಂದು ನಿಂತರು.

"ನಾಲ್ಕನೇದು ಸ್ವಲ್ಪ ಚಿಕ್ಕದಾಗಿರ್ಲಿ ಮೇಡಂ. ಉದ್ದ ಬರೆದ್ರೆ ಓದೋರಿಗೂ ಬೇಜಾರು."

ಬಾಗಿಲವರೆಗೆ ಹೋದವರು ತಿರುಗಿದರು. "ಅಂದ ಹಾಗೆ, ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲೇ ಇದೆ. ಮುಂದಿನ ಸಭೆಗೆ ಹಾಕೋಣ."

ಅವರು ಹೇಳಿದ್ದು ಅಷ್ಟೇ. ಬೆದರಿಸಲಿಲ್ಲ, ಆಜ್ಞೆ ಮಾಡಲಿಲ್ಲ. ಮುಂದಿನದನ್ನೆಲ್ಲ ಅವಳು ತಾನೇ ಮಾಡಿದಳು.

ಪ್ರತಿ ಸಲವೂ ಹಳೆಯ ನಡಾವಳಿಯ ಪ್ರತಿಯನ್ನೇ ತೆರೆದು ಅದರ ಮೇಲೆ ಹೊಸದನ್ನು ತುಂಬುವುದು ಅವಳ ರೂಢಿ. ನಾಲ್ಕನೆಯ ವಿಷಯದ ಕೆಳಗೆ ಹಿಂದಿನ ಸಭೆಯ ಸಾಲು ಹಾಗೇ ಇತ್ತು: 'ಸದಸ್ಯರು ಚರ್ಚಿಸಿ ಸರ್ವಾನುಮತದಿಂದ ಒಪ್ಪಿದರು.'

ಆ ಸಾಲಿನ ಮೇಲ್ಗಡೆ ಅವಳು ಅವನ ಮಾತುಗಳನ್ನು ಟೈಪು ಮಾಡಿದಳು. ಎರಡು ಪುಟವಾಯಿತು. ಚಿಕ್ಕದು ಮಾಡಿದಳು... ಒಂದು ಪ್ಯಾರಾ. ಇನ್ನೂ ಚಿಕ್ಕದು... ಒಂದು ಸಾಲು. 'ಸಂಜೆ ವಿಭಾಗದ ಮುಖ್ಯಸ್ಥರು ಆಕ್ಷೇಪಿಸಿದರು.'

ಆ ಸಾಲನ್ನು ಬಹಳ ಹೊತ್ತು ನೋಡಿದಳು. ತನಗಿಂತ ಎಂಟು ವರ್ಷ ತಡವಾಗಿ ಸೇರಿದವರೆಲ್ಲ ತನ್ನನ್ನು ದಾಟಿ ಮೇಲೆ ಹೋಗಿದ್ದು ನೆನಪಾಯಿತು. ಆಮೇಲೆ ಅದನ್ನೂ ಅಳಿಸಿದಳು.

ಹಳೆಯ ಸಾಲು ಉಳಿಯಿತು. ಕಣ್ಣು ತಪ್ಪಿ ಅಲ್ಲ... ನೋಡಿಯೇ ಉಳಿಸಿ, ಕುಲಸಚಿವರಿಗೆ ಕಳಿಸಿಬಿಟ್ಟಳು.

ಆ ವಾರವೇ ಅದು ತಿಂಗಳ ಆಡಳಿತ ಪತ್ರಿಕೆಯಲ್ಲಿ ಅಚ್ಚಾಗಿ ಎಲ್ಲ ವಿಭಾಗಗಳಿಗೂ ಹೋಯಿತು.

ಟಪಾಲು ವಿಭಾಗದ ಗೆಳತಿಗೆ ಕಚೇರಿಯಲ್ಲಿ 'ಡಂಗುರ' ಎಂದು ಹೆಸರು. ಬೆಳಿಗ್ಗೆ ಟೀ ಲೋಟ ಹಿಡಿದೇ ಬಂದಳು.

"ಕೇಳಿದ್ಯೇನೇ? ಸಂಜೆ ಮೇಷ್ಟ್ರಿಗೆ ಅವರ ಹುಡುಗ್ರೇ ನೀರಿಳಿಸಿದಾರೆ!"

"ಯಾಕೆ?"

"ಒಳಗೆ ಹೋಗಿ ಒಪ್ಕೊಂಡು ಬಂದು, ಹೊರಗೆ ನಮ್ಮ ಪರ ಅಂತ ನಾಟಕ ಆಡ್ತಾರೆ ಅಂತ. ಬೋರ್ಡ್ ಮೇಲೆ ಇಷ್ಟುದ್ದ ಬರೆದಿದ್ರಂತೆ, 'ಸರ್ವಾನುಮತ ಮೇಷ್ಟ್ರಿಗೆ ಸ್ವಾಗತ' ಅಂತ. ಆ ಮನುಷ್ಯ ಒಂದು ಮಾತೂ ಆಡ್ದೆ ಅಂಗೈಲೇ ಒರೆಸಿ ಪಾಠ ಶುರು ಮಾಡಿದ್ರಂತೆ ಕಣೇ. ಪಾಪ ಅನ್ನಿಸ್ತು."

ಅವಳು ಪತ್ರಿಕೆಯನ್ನು ಡ್ರಾಯರಿನೊಳಗೆ ತಳ್ಳಿದಳು.

ಅಂದು ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಆ ಪತ್ರಿಕೆ ಇತ್ತು. ಅವಳು ಎದ್ದು ನಿಂತಳು. ಬೈಯಲಿ ದೇವರೇ, ಬೈದುಬಿಡಲಿ...

ಅವನು ಬಾಗಿಲು ಅರ್ಧ ಮುಂದೆ ಮಾಡಿ ದನಿ ತಗ್ಗಿಸಿದ.

"ಮೇಡಂ, ಆವತ್ತು ನೀವು ಬರೆಯೋದನ್ನ ನಾನೇ ನೋಡಿದೀನಿ. ಪೆನ್ನು ಒಂದು ಸಲಾನೂ ನಿಲ್ಲಿಸ್ಲಿಲ್ಲ. ಅಂದ್ರೆ ನಿಮ್ಮ ಕೈ ಬಿಟ್ಟು ಹೋದ್ಮೇಲೆ ಮೇಲಿನೋರು ತಿದ್ದಿದಾರೆ. ಹೌದು ತಾನೆ?"

ಅವಳ ತುಟಿ ಅಲುಗಿತು.

"ಬೇಡ, ಬಾಯಿಬಿಟ್ಟು ಹೇಳ್ಬೇಡಿ. ನಿಮ್ಮ ಕೆಲಸಕ್ಕೆ ಕುತ್ತು ಬರೋದು ಬೇಡ. ಸುಮ್ನೆ ತಲೆ ಆಡ್ಸಿ, ಸಾಕು."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅವಳ ಬಗ್ಗೆ ಕಾಳಜಿ ಇತ್ತು. ಅವಳನ್ನು ಯಾರಾದರೂ ಹಾಗೆ ನೋಡಿ ಎಷ್ಟು ಕಾಲವಾಗಿತ್ತು!

ಅವಳು ತಲೆ ಆಡಿಸಿದಳು.

ಮರುದಿನದಿಂದ ಅವನು ಬರತೊಡಗಿದ. ಅವಳ ಕಚೇರಿ ಐದೂವರೆಗೆ ಮುಗಿಯುತ್ತಿತ್ತು, ಅವನ ತರಗತಿ ಆರಕ್ಕೆ ಶುರುವಾಗುತ್ತಿತ್ತು. ನಡುವಿನ ಆ ಅರ್ಧ ಗಂಟೆ ಗೇಟಿನ ಮುಂದಿನ ಬಸ್ ನಿಲ್ದಾಣದಲ್ಲಿ ಇಬ್ಬರದೂ ಆಯಿತು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು ಎಂದ. ಅಡುಗೆ ಕಲಿತಿದ್ದೇನೆ, ಉಪ್ಪು ಮಾತ್ರ ಇನ್ನೂ ನನ್ನ ಮಾತು ಕೇಳುವುದಿಲ್ಲ ಎಂದ. ಅವಳು ನಕ್ಕಳು. ನಕ್ಕ ಮರುಕ್ಷಣವೇ ಒಳಗೆ ಏನೋ ಚುಚ್ಚಿತು.

ಇವರು ನಗಿಸುತ್ತಿರುವುದು ನನ್ನನ್ನಲ್ಲ. ಬರೆದಿದ್ದನ್ನು ಅಳಿಸದ ಇನ್ಯಾವಳನ್ನೋ...

ಮದುವೆಯ ಮಾತು ಎರಡು ಸಲ ಮುರಿದ ಮೇಲೆ ಅವಳು ಅಕ್ಕನ ಜೊತೆಗೇ ಉಳಿದುಬಿಟ್ಟಿದ್ದಳು. ಅಕ್ಕ ಬಟ್ಟೆ ಮಡಿಸುತ್ತಾ ಕೆಣಕಿದಳು.

"ಏನೇ, ಇತ್ತೀಚೆಗೆ ಕನ್ನಡಿ ಮುಂದೆ ಬಹಳ ಹೊತ್ತು? ಯಾರಪ್ಪಾ ಆ ಮಹಾರಾಯ?"

"ಯಾರೂ ಇಲ್ಲ ಅಕ್ಕ."

ಕನ್ನಡಿಯ ಮುಂದೆ ನಿಲ್ಲುತ್ತಿದ್ದುದು ನಿಜ. ತನ್ನ ಕಣ್ಣನ್ನೇ ತಾನು ನೋಡಲು ಆಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳು. ಆಗುತ್ತಿರಲಿಲ್ಲ.

ಹೀಗೇ ಮೂರು ವಾರ ಕಳೆಯಿತು. ಮುಂದಿನ ಸಭೆಗೆ ಐದೇ ದಿನ ಉಳಿದಿದ್ದಾಗ ಅವನು ನಿಲ್ದಾಣದಲ್ಲಿ ಹೇಳಿದ:

"ಸಭೇಲಿ ಮೊದಲ ವಿಷಯವೇ ಹಿಂದಿನ ನಡಾವಳಿಗೆ ಒಪ್ಪಿಗೆ ಕೊಡೋದಲ್ವಾ? ಅಲ್ಲೇ ಎದ್ದು ನಿಲ್ತೀನಿ. ಕುಲಸಚಿವರೇ, ಇದನ್ನ ನೀವು ತಿದ್ದಿದೀರಿ ಅಂತ ಎಲ್ಲರ ಮುಂದೆ ಹೇಳ್ತೀನಿ."

ಅವಳು ಕಳಿಸಿದ ಪ್ರತಿ ಕುಲಸಚಿವರ ಬಳಿ ಹಾಗೇ ಇತ್ತು. ಅದನ್ನು ತೆರೆದು ತೋರಿಸಲು ಅವರಿಗೆ ಒಂದು ನಿಮಿಷ ಸಾಕು. ಆಗ ತುಂಬಿದ ಸಭೆಯಲ್ಲಿ ಸುಳ್ಳುಗಾರ ಅನ್ನಿಸಿಕೊಳ್ಳುವವನು ಇವನು! ಆಮೇಲೆ ಸಂಜೆ ವಿಭಾಗದ ಪರ ಇವನು ಆಡುವ ಯಾವ ಮಾತನ್ನು ಯಾರು ನಂಬುತ್ತಾರೆ?

"ಹಾಗೆಲ್ಲ ಹೇಳ್ಬೇಡಿ," ಎಂದಳು.

"ಹೆದರ್ಬೇಡಿ, ನಿಮ್ಮ ಹೆಸರು ತರಲ್ಲ." ಅವನು ಮೆಲ್ಲಗೆ ಅವಳ ಬೆರಳು ಮುಟ್ಟಿದ. "ಈ ಕಟ್ಟಡದಲ್ಲಿ ಸುಳ್ಳು ಬರೆಯದ ಕೈ ಇದೊಂದೇ. ಇದನ್ನ ಹಿಡ್ಕೊಂಡಿರೋಣ ಅಂತ ಆಸೆ ಆಗಿದೆ ನನಗೆ. ಯಾವಾಗ್ಲೂ."

ಅವಳು ಬೆಂಕಿ ತಾಗಿದಂತೆ ಕೈ ಹಿಂದೆಗೆದುಕೊಂಡಳು.

"ಯಾರೂ ತಿದ್ದಿಲ್ಲ!"

"ಏನು?"

"ಕುಲಸಚಿವರು ಚಿಕ್ಕದಾಗಿರ್ಲಿ ಅಂದ್ರು, ಅಷ್ಟೆ. ಅಳಿಸಿದ್ದು ನಾನು. ಸರ್ವಾನುಮತ ಅಂತ ಇದ್ದಿದ್ದನ್ನ ನೋಡಿ ನೋಡಿ ಹಾಗೇ ಬಿಟ್ಟಿದ್ದು ನಾನು. ಬಡ್ತಿಗೋಸ್ಕರ... ಈ ಕೈಯೇ..."

ಅವಳ ಬಸ್ಸು ಬಂತು. ನಿಂತಿತು. ಹೋಯಿತು. ಅವಳು ಹತ್ತಲಿಲ್ಲ.

"ಬರೆಯೋವಾಗ ಹೆದರಿದ್ರಿ. ಅದು ಅರ್ಥ ಆಗುತ್ತೆ," ಎಂದ ಅವನು ಕೊನೆಗೆ. ದನಿ ಒಣಗಿತ್ತು. "ಆದ್ರೆ ಆವತ್ತು ನಾನು ಬಂದಾಗ ತಲೆ ಆಡಿಸಿದ್ರಲ್ಲ... ಅದು ಯಾಕೆ?"

ಅವಳು ನೆಲ ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನೀವು ಮತ್ತೆ ಬರ್ಲಿ ಅಂತ."

ಅವನು ತರಗತಿಯ ಕಡೆಗೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಎಂದಿನಂತೆ ಐದೂವರೆಗೆ ನಿಲ್ದಾಣಕ್ಕೆ ಹೋಗಿ, ಬಂದ ಮೊದಲ ಬಸ್ಸು ಹತ್ತಿದಳು. ಕಾಯುವ ಹಕ್ಕೂ ತನಗಿಲ್ಲ ಅನ್ನಿಸಿತ್ತು.

ಸಭೆಯ ಹಿಂದಿನ ದಿನ ಅವಳು ಕಾರ್ಯಸೂಚಿಯ ಪ್ರತಿಗಳನ್ನು ಜೋಡಿಸುತ್ತಿದ್ದಳು. ವಿಷಯ ಒಂದು, ಹಿಂದಿನ ನಡಾವಳಿಗೆ ಒಪ್ಪಿಗೆ. ವಿಷಯ ಒಂಬತ್ತು, ಅವಳ ಬಡ್ತಿ. ತಲೆ ಎತ್ತಿದರೆ ಬಾಗಿಲಲ್ಲಿ ಅವನು!

ಕಣ್ಣು ಕೆಂಪಾಗಿತ್ತು. ಅಂಗಿಯ ಗುಂಡಿಯೊಂದು ತಪ್ಪು ಕಾಜಕ್ಕೆ ಸೇರಿತ್ತು.

"ಕೂತ್ಕೋಬಹುದಾ?"

"ಕೂತ್ಕೊಳ್ಳಿ."

ಕೂತ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

"ಬಹಳ ಸಿಟ್ಟು ಬಂದಿತ್ತು ನಿಮ್ಮ ಮೇಲೆ. ಇನ್ನೂ ಪೂರ್ತಿ ಹೋಗಿಲ್ಲ."

"ಹೋಗ್ಬಾರ್ದು ಕೂಡ."

"ಮಾತು ಮುಗಿಸೋಕೆ ಬಿಡಿ ಮೇಡಂ! ಈ ಸಮಿತೀಲಿ ಯಾರೂ ನನ್ನ ಮಾತು ಮುಗಿಸೋಕೆ ಬಿಡಲ್ಲ." ನಗಲು ಹೋದ, ಆಗಲಿಲ್ಲ. "ಯೋಚನೆ ಮಾಡ್ದೆ. ನಿಮ್ಮನ್ನ ಒಂದು ಮಾತೂ ಕೇಳ್ದೆ ನಾನೇ ಕತೆ ಕಟ್ದೆ. ನೀವು ಒಳ್ಳೆಯೋರು, ಅವರು ಕೆಟ್ಟೋರು ಅಂತ. ನನಗೆ ಅದು ಬೇಕಿತ್ತು. ತಲೆ ಆಡಿಸಿ ಸಾಕು ಅಂದೋನೂ ನಾನೇ."

"ಆಡಿಸಿದ್ದು ನಾನು."

"ಹೂಂ, ನೀವೇ. ಆದ್ರೆ ಹೇಳಿದ್ದೂ ನೀವೇ. ಯಾರೂ ಹಿಡಿದಿರ್ಲಿಲ್ಲ ನಿಮ್ಮನ್ನ. ಸುಮ್ನಿದ್ದಿದ್ರೆ ನಾಳೆ ಮುಳುಗ್ತಿದ್ದೋನು ನಾನು. ನೀವಲ್ಲ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ನನಗೆ ನಿಮ್ಮ ಮುಖ ನೋಡೋಕೂ ನಾಚಿಕೆ ಆಗುತ್ತೆ," ಎಂದಳು.

"ಹಾಗಾದ್ರೆ ಸದ್ಯಕ್ಕೆ ಗುಂಡಿ ನೋಡಿ. ಅದೂ ತಪ್ಪಾಗಿದೆ."

ಅಳುವಿನ ನಡುವೆ ಅವಳಿಗೆ ನಗು ಬಂದುಬಿಟ್ಟಿತು. ಅವನೂ ನಕ್ಕ. ಆಮೇಲೆ ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ.

"ಇದು ಮನವಿ. ನೂರ ನಲವತ್ತೆರಡು ಸಹಿ. ಹುಡುಗರ ಮುಂದೆ ಕೂತು, ನಾನು ಒಪ್ಪಿರ್ಲಿಲ್ಲ ಅಂತ ಹೇಳ್ದೆ. ಅರ್ಧ ಜನ ನಂಬಿದ್ರು, ಇನ್ನರ್ಧ ಪಾಪ ಅಂತ ಸಹಿ ಹಾಕಿದ್ರು. ನಾಳೆ ಇದನ್ನ ಕೊಡ್ತೀನಿ. ನಡಾವಳಿ ಬಗ್ಗೆ ಮಾತೇ ಎತ್ತಲ್ಲ."

"ಯಾಕೆ?"

"ಒಂಬತ್ತನೇ ವಿಷಯ ನಾನೂ ಓದಿದೀನಿ. ನಿಮ್ಮದು ಮೊದಲು ಆಗ್ಲಿ. ಹದಿನಾರು ವರ್ಷ ಕಾದಿದೀರಿ. ಮನವಿ ಇದೆಯಲ್ಲ, ಕೇಳೇ ಕೇಳ್ತಾರೆ."

ಅವಳು ಆ ಕಟ್ಟನ್ನು ನೋಡಿದಳು. ಬೇರೆ ಬೇರೆ ಶಾಯಿ, ಬೇರೆ ಬೇರೆ ಕೈ. ಕೆಲವು ಸಹಿ ಅವಸರದವು, ಕೆಲವು ತಿದ್ದಿ ತೀಡಿ ಹಾಕಿದವು. ಇಂಥ ಮನವಿಗಳು ಎಷ್ಟು ಬಂದಿದ್ದವು ಆ ಮೇಜಿಗೆ! ಪ್ರತಿಯೊಂದರ ಮುಂದೆ ಅವಳೇ ಬರೆದಿದ್ದಳು: 'ಸಮಿತಿಯು ಗಮನಿಸಿತು.' ಅಲ್ಲಿಗೆ ಮುಗಿಯಿತು. ನಡಾವಳಿಗೆ ಒಮ್ಮೆ ಒಪ್ಪಿಗೆ ಬಿದ್ದರೆ ಅದರಲ್ಲಿದ್ದದ್ದೇ ನಡೆದದ್ದು. ಎಷ್ಟು ಸಹಿ ಬಂದರೂ ಅದು ಕದಲುವುದಿಲ್ಲ. ಅವನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಏನು ಯೋಚ್ನೆ?" ಅವನು ಕೇಳಿದ.

"ಏನಿಲ್ಲ. ಆರು ಗಂಟೆ ಆಗ್ತಾ ಬಂತು. ತರಗತಿಗೆ ಹೊರಡಿ."

ಅವನು ಎದ್ದ. ಗುಂಡಿ ಸರಿಮಾಡಿಕೊಂಡ. ಬಾಗಿಲಲ್ಲಿ ನಿಂತು, ಪಾಠ ಮರೆತ ಹುಡುಗನಂತೆ ತಡವರಿಸಿದ.

"ನಾನು ಆವತ್ತು ನಿಲ್ದಾಣದಲ್ಲಿ ಅಂದಿದ್ದು... ಯಾವಾಗ್ಲೂ ಅಂತ... ಅದನ್ನ ವಾಪಸ್ ತಗೊಂಡಿಲ್ಲ."

"ಈಗ ನನ್ನ ವಿಷಯ ಎಲ್ಲ ಗೊತ್ತಾದ್ಮೇಲೂ?"

"ಮುಂಚೆ ಗೊತ್ತಿಲ್ದೆ ಅಂದಿದ್ದೆ. ಈಗ ಗೊತ್ತಿದ್ದು ಹೇಳ್ತಿದೀನಿ. ಯಾವುದು ದೊಡ್ಡದು ನೀವೇ ಹೇಳಿ."

ಅವಳು ಪಿನ್ನಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾಳೆ ಸಭೆ ಮುಗಿದ್ಮೇಲೆ ಹೊರಗೆ ಕಾಯ್ತೀನಿ," ಎಂದ.

"ಕಾಯ್ರಿ," ಎಂದಳು ಅವಳು ಮೆಲ್ಲಗೆ. "ಏನೇ ಆದ್ರೂ ಕಾಯ್ರಿ."

"ಏನಾಗುತ್ತೆ?"

"ಹೊತ್ತಾಯ್ತು ಅಂದೆನಲ್ಲ, ಹೋಗಿ!"

ಅವನು ನಗುತ್ತಾ ಹೋದ. ಹೆಜ್ಜೆಯ ಸದ್ದು ಮೆಟ್ಟಿಲು ಇಳಿಯುವವರೆಗೂ ಅವಳು ಕಿವಿಗೊಟ್ಟಿದ್ದಳು.

ಆಮೇಲೆ ಹನ್ನೊಂದು ಪ್ರತಿಗಳನ್ನು ಒಂದೊಂದಾಗಿ ಪಿನ್ನು ಮಾಡಿದಳು. ನಾಳೆ ಕುಲಸಚಿವರು, "ಹಿಂದಿನ ನಡಾವಳಿಗೆ ಒಪ್ಪಿಗೆ ತಾನೆ?" ಎಂದು ಕೇಳುತ್ತಾರೆ. ಎಲ್ಲರೂ ಪುಟ ತಿರುವುತ್ತಾರೆ. ಆಗ ಬಾಗಿಲ ಪಕ್ಕದ ಕುರ್ಚಿಯಿಂದ ಅವಳು ಎದ್ದು ನಿಲ್ಲುತ್ತಾಳೆ. ನಾಲ್ಕನೆಯ ವಿಷಯದಲ್ಲಿ ಬರೆದಿರುವುದು ಸುಳ್ಳು, ಬರೆದವಳು ನಾನು ಎನ್ನುತ್ತಾಳೆ. ಒಂಬತ್ತನೆಯ ವಿಷಯ ಆಮೇಲೆ ಏನಾಗುತ್ತದೋ ಆಗಲಿ. ಕಾಲು ನಡುಗುತ್ತದೆ, ಮುಖ ಕೆಂಪೇರುತ್ತದೆ, ಅದೆಲ್ಲ ಗೊತ್ತು. ನಡುಗುವ ಕಾಲಿನ ಮೇಲೂ ನಿಲ್ಲಬಹುದು.

"ಇನ್ನೂ ಹೊರಟಿಲ್ವೇನೇ?" ಡಂಗುರ ಚೀಲ ಹೆಗಲಿಗೇರಿಸಿಕೊಂಡು ಇಣುಕಿದಳು. "ಮುಖ ನೋಡಿದ್ರೆ ಏನೋ ಇದೆ. ನನ್ನ ಹತ್ರಾನೂ ಮುಚ್ಚಿಡ್ತೀಯಾ?"

"ಏನಿಲ್ಲ ಕಣೇ," ಎಂದಳು ಅವಳು. ದೀಪ ಆರಿಸಿ, ಗೆಳತಿಯ ಜೊತೆ ಮೆಟ್ಟಿಲಿಳಿದಳು.